ಮಾದರಿ ರೈಲಿನ ದೀಪ, ಸಿಗ್ನಲ್, ಪಾಯಿಂಟ್ ಮೋಟಾರ್‌ಗಳಿಗೆ ಯಾವ ಪವರ್ ಸಪ್ಲೈ? ಅನುಭವಸ್ಥರು ತಿಳಿಸಿ

ಹೊಸಹಳಿ: ನನ್ನ ಎಚ್‌ಓ ಅಳತೆಯ (1:87) ಮಾದರಿಯಲ್ಲಿ ರೈಲುಗಳು ಡಿಸಿಸಿಯಲ್ಲಿ (ವಿದ್ಯುತ್ತೂ ಡಿಜಿಟಲ್ ಆಜ್ಞೆಗಳೂ ಹಳಿಯ ಮೂಲಕವೇ ಹೋಗುವ ವ್ಯವಸ್ಥೆ) ಓಡುತ್ತವೆ. ಈಗ ಕಟ್ಟಡಗಳಿಗೆ 40 ದೀಪ, ಕೆಲವು ಸಿಗ್ನಲ್ ಹಾಗೂ ಹಳಿ ಕವಲೊಡೆಯುವ ಕಡೆ ದಾರಿ ಬದಲಿಸುವ 10 ಪಾಯಿಂಟ್ ಮೋಟಾರ್‌ಗಳನ್ನು ಜೋಡಿಸಬೇಕಾಗಿದೆ. ಹಳಿಯ ವಿದ್ಯುತ್ತನ್ನೇ ಬಳಸಬಹುದೇ? ಮನೆಯಲ್ಲಿರುವ ಹಳೆಯ ಅಡಾಪ್ಟರ್‌ಗಳು ಸಾಕೇ?

ಕಬ್ಬಿಣದಾರಿ: ಹಳಿಯ ವಿದ್ಯುತ್ತನ್ನು ಮುಟ್ಟಬೇಡಿ. ರೈಲು ತಪ್ಪಾಗಿ ತಿರುಗಿದ ಪಾಯಿಂಟ್‌ಗೆ ನುಗ್ಗಿದೊಡನೆ ಶಾರ್ಟ್ ಆಗಿ, ಹಳಿಗೆ ವಿದ್ಯುತ್ ಕೊಡುವ ಬೂಸ್ಟರ್ ನಿಲ್ಲುತ್ತದೆ. ಪಾಯಿಂಟ್ ಮೋಟಾರಿಗೂ ಅದೇ ಬೂಸ್ಟರಿನಿಂದ ವಿದ್ಯುತ್ ಬರುತ್ತಿದ್ದರೆ, ಅದನ್ನು ತಿರುಗಿಸಿ ಶಾರ್ಟ್ ಬಿಡಿಸುವ ದಾರಿಯೂ ಮುಚ್ಚುತ್ತದೆ. ಇನ್ನು ಹಳೆಯ ಅಡಾಪ್ಟರ್‌ಗಳ ಮಾತು. ಟ್ರಾನ್ಸ್‌ಫಾರ್ಮರ್ ಇರುವ, ನಿಯಂತ್ರಣವಿಲ್ಲದ ಒಂದು ಅಡಾಪ್ಟರ್ ಮೇಲೆ 12 ವೋಲ್ಟ್ ಎಂದು ಸ್ಪಷ್ಟವಾಗಿ ಮುದ್ರಿಸಿತ್ತು. ಹೊರೆ ಕಡಿಮೆಯಿದ್ದಾಗ ಅದು 17 ವೋಲ್ಟ್ ಕೊಡುತ್ತಿತ್ತು. ನಿಲ್ದಾಣದ ಬಲ್ಬುಗಳು ಒಂದರ ಹಿಂದೆ ಒಂದು ಸುಟ್ಟವು. ಅಂಟಿಸಿದ್ದ ಛಾವಣಿಗಳನ್ನು ಕಿತ್ತಾಗ ಚೌಕಟ್ಟುಗಳು ಮುರಿದವು. ವೇದಿಕೆಯ ಬಣ್ಣವನ್ನೂ ಮತ್ತೆ ಬಳಿಯಬೇಕಾಯಿತು. ಅಂದಿನಿಂದ ಹೊರೆ ಬದಲಾದರೂ ವೋಲ್ಟೇಜ್ ಸ್ಥಿರವಾಗಿಡುವ ನಿಯಂತ್ರಿತ 12 ವೋಲ್ಟ್ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಹೊರತು ಬೇರೇನನ್ನೂ ನಾನು ನಂಬುವುದಿಲ್ಲ.

ಹಳದಿತಂತಿ: ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ. ಹಳೆಯ ಕಂಪ್ಯೂಟರಿನ ಎಟಿಎಕ್ಸ್ ಸಪ್ಲೈ ನನ್ನಲ್ಲಿ ವರ್ಷಗಳಿಂದ ದುಡಿಯುತ್ತಿದೆ. ಹಸಿರು ತಂತಿಯನ್ನು ಕಪ್ಪು ತಂತಿಗೆ ಸೇರಿಸಿದರೆ ಚಾಲೂ ಆಗುತ್ತದೆ. ಹಳದಿಯಲ್ಲಿ 12, ಕೆಂಪಿನಲ್ಲಿ 5 ವೋಲ್ಟ್ ಸಿಗುತ್ತದೆ. ಕೆಲವು ಹಳೆಯ ಸಪ್ಲೈಗಳಿಗೆ 5 ವೋಲ್ಟ್ ಕಡೆ ಸ್ವಲ್ಪ ಹೊರೆ ಕೊಡಬೇಕಾಗುತ್ತದೆ, ಅಷ್ಟೇ.

ಸಿಗ್ನಲ್‌ಕಂಬ: ಇಂತಹ ಸಲಹೆಯನ್ನು ಹೊಸಬರಿಗೆ ಕೊಡುವುದು ಸರಿಯಲ್ಲ. ಆ ಹಳದಿ ತಂತಿಯಲ್ಲಿ 15 ಆಂಪಿಯರ್ ಅಥವಾ ಅದಕ್ಕಿಂತ ಹೆಚ್ಚು ಹರಿಯಬಲ್ಲದು. ಕಟ್ಟಡದೊಳಗಿನ ಕೂದಲೆಳೆಯಂತಹ ತಂತಿ ಎಲ್ಲಾದರೂ ಶಾರ್ಟ್ ಆದರೆ, ಸಪ್ಲೈಗೆ ಅದು ಶಾರ್ಟ್ ಎಂದೇ ತೋರದೆ ತಂತಿಯ ಹೊದಿಕೆ ಕರಗಿಹೋಗುತ್ತದೆ. ನನ್ನ ಗೆಳೆಯರ ಮಾದರಿಯಲ್ಲಿ ಗುಡ್ಡದ ಫೋಮ್ ಸುಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಳದಿತಂತಿ: ನನ್ನ ಪ್ರತಿಯೊಂದು ಕವಲಿಗೂ 1 ಆಂಪಿಯರ್ ಫ್ಯೂಸ್ ಇದೆ. ನಿಮ್ಮ ಗೆಳೆಯರು ಫ್ಯೂಸ್ ಹಾಕದಿದ್ದರೆ ಅದು ಸಪ್ಲೈಯ ದೋಷ ಹೇಗಾಗುತ್ತದೆ? ಕಬ್ಬಿಣದಾರಿಯವರು ಹೊಗಳುವ ದೊಡ್ಡ ಎಸ್‌ಎಂಪಿಎಸ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅವರಿಗೇಕೆ ನೀವು ಏನನ್ನೂ ಹೇಳಲಿಲ್ಲ?

ಸಿಗ್ನಲ್‌ಕಂಬ: ಮೊದಲ ಉತ್ತರದಲ್ಲಿ ಫ್ಯೂಸ್ ಎಂಬ ಪದವನ್ನು ನೀವು ಬರೆದಿರಲಿಲ್ಲ. ನನ್ನ ಆಕ್ಷೇಪ ಇರುವುದು ಅದಕ್ಕೇ.

ನಿಧಾನಗತಿ: ಆಂಪಿಯರ್ ಜಗಳದಲ್ಲಿ ಮೋಟಾರಿನ ಬಗೆಯನ್ನು ಯಾರೂ ಕೇಳಲಿಲ್ಲ. ನನ್ನಲ್ಲಿರುವುದು ಟಾರ್ಟಾಯ್ಸ್ ಎಂಬ, ನಿಧಾನವಾಗಿ ತಿರುಗುವ ಪಾಯಿಂಟ್ ಮೋಟಾರ್, ತಿರುಗಿ ನಿಂತ ಸ್ಥಿತಿಯಲ್ಲಿ ಒಂದಕ್ಕೆ 16 ಮಿಲಿಆಂಪಿಯರ್, ಹತ್ತಕ್ಕೆ 160. ಚಿಕ್ಕದೊಂದು ಅಡಾಪ್ಟರ್ ಧಾರಾಳವಾಯಿತು. ಎರಡು ಪ್ರತ್ಯೇಕ 12 ವೋಲ್ಟ್ ಅಡಾಪ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ ನಡುವಿನ ಬಿಂದುವನ್ನು ಎಲ್ಲ ಮೋಟಾರ್‌ಗಳಿಗೂ ಸಾಮಾನ್ಯ ತಂತಿಯಾಗಿಸಿಕೊಂಡರೆ, ಮೋಟಾರಿಗೊಂದು ಸರಳ ಸ್ವಿಚ್ ಸಾಕು.

ಸುರುಳಿಪ್ರಿಯ: ಎಲ್ಲರೂ ಅಷ್ಟು ಬೆಲೆಯ ಮೋಟಾರ್ ಕೊಳ್ಳಲಾರರು! ನನ್ನವು ಎರಡು ಸುರುಳಿಯವು, ಒಂದೊಂದು ಸುರುಳಿ ಪಾಯಿಂಟನ್ನು ಒಂದೊಂದು ಕಡೆಗೆ ಥಟ್ಟನೆ ಎಳೆಯುತ್ತದೆ. ತಿರುಗುವ ಕ್ಷಣದಲ್ಲಿ ಅವು ಕೆಲವು ಆಂಪಿಯರ್ ಎಳೆಯುವುದರಿಂದ, ಒಂದೇ ಸಪ್ಲೈಯಲ್ಲಿದ್ದ ಊರಿನ ದೀಪಗಳೆಲ್ಲ ಮಂಕಾಗುತ್ತಿದ್ದವು. ಗುಂಡಿ ಸಿಕ್ಕಿಕೊಂಡು ವಿದ್ಯುತ್ ಹರಿಯುತ್ತಲೇ ಇದ್ದು ಸುರುಳಿಗಳು ಸುಟ್ಟ ಮೇಲೆ, 16 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್‌ಗೆ ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್ ಸೇರಿಸಿದೆ. ಈಗ ಕೆಪಾಸಿಟರಿನಲ್ಲಿ ತುಂಬಿದಷ್ಟೇ ಒಮ್ಮೆಲೇ ಹೋಗುತ್ತದೆ. ಗುಂಡಿ ಸಿಕ್ಕಿಕೊಂಡರೂ ಸುರುಳಿ ಸುಡುವುದಿಲ್ಲ.

ಕಬ್ಬಿಣದಾರಿ: ದೀಪಗಳಿಗೆ ಬಲ್ಬನ್ನೇ ಹಾಕಿ. ಎಲ್‌ಇಡಿಯ ಬಿಳಿ ಬೆಳಕು ಹಳೆಯ ಕಾಲದ ನಿಲ್ದಾಣಕ್ಕೆ ಹೊಂದುವುದಿಲ್ಲ. 12 ವೋಲ್ಟ್ ಬಲ್ಬನ್ನು 9 ವೋಲ್ಟ್‌ನಲ್ಲಿ ಉರಿಸಿದರೆ ಬಣ್ಣವೂ ಹದವಾಗಿರುತ್ತದೆ, ಬಾಳಿಕೆಯೂ ಬಹಳ ಹೆಚ್ಚುತ್ತದೆ.

ನಿಧಾನಗತಿ: ಬಲ್ಬಿನಿಂದ ಛಾವಣಿ ಮುರಿದುಕೊಂಡವರು ಮತ್ತೆ ಬಲ್ಬನ್ನೇ ಹೇಳುವುದು ನನಗೆ ಅರ್ಥವಾಗುವುದಿಲ್ಲ. ಹಳದಿ ಛಾಯೆಯ ಎಲ್‌ಇಡಿಗಳು ಸಿಗುತ್ತವೆ. ಒಂದೊಂದಕ್ಕೆ 1 ಕಿಲೋಓಮ್ ರೆಸಿಸ್ಟರ್ ಹಾಕಿದರೆ 12 ವೋಲ್ಟ್‌ನಲ್ಲಿ 9 ಮಿಲಿಆಂಪಿಯರ್. ನಲವತ್ತೂ ಸೇರಿ ಅರ್ಧ ಆಂಪಿಯರ್ ಕೂಡ ಆಗದು. 60 ಮಿಲಿಆಂಪಿಯರ್‌ನ ಬಲ್ಬಾದರೆ 2.4 ಆಂಪಿಯರ್ ಬೇಕು.

ಕಬ್ಬಿಣದಾರಿ: ಛಾವಣಿ ಮುರಿದದ್ದು ಅಡಾಪ್ಟರಿನಿಂದ, ಬಲ್ಬಿನಿಂದಲ್ಲ. ದಯವಿಟ್ಟು ನನ್ನ ಮೊದಲ ಉತ್ತರವನ್ನು ಪೂರ್ತಿ ಓದಿ.

ಹೊಸಹಳಿ: ನನ್ನ ಮೋಟಾರ್‌ಗಳು ಎರಡು ಸುರುಳಿಯವು. ಸುರುಳಿಪ್ರಿಯರೇ, ನಿಮ್ಮ ಯೂನಿಟ್‌ನಲ್ಲಿರುವ ಕೆಪಾಸಿಟರ್ ಎಷ್ಟು ಮೈಕ್ರೋಫ್ಯಾರಡ್‌ನದು?

ಸುರುಳಿಪ್ರಿಯ: 4700, 35 ವೋಲ್ಟ್. 25 ವೋಲ್ಟ್‌ನದನ್ನು ಹಾಕಬೇಡಿ. 16 ವೋಲ್ಟ್ ಎಸಿಯನ್ನು ಡಿಸಿಗೆ ತಿರುಗಿಸಿದಾಗ 21 ವೋಲ್ಟ್‌ವರೆಗೆ ಏರುತ್ತದೆ, ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರ್‌ನಲ್ಲಿ ಇನ್ನೂ ಹೆಚ್ಚು.