ಅಪ್ಪ ತೀರಿಹೋದ ಮೇಲೆ ಜಪಸರ ಹಿಡಿಯೋಕೇ ಆಗ್ತಿಲ್ಲ, ಪೂಜೆಗೆ ಹೋಗೋದು ನಿಲ್ಲಿಸ್ಲಾ?

ಹೇಮಾವತಿ_ತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದನ್ನ ಮನೇಲಿ ಕೇಳೋಕಾಗಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಅಪ್ಪ ಹೋಗಿ ಹತ್ತು ತಿಂಗಳಾಯ್ತು. ಕಿಡ್ನಿ ಎರಡೂ ಫೇಲ್ ಆಗಿತ್ತು, ಒಂದೂವರೆ ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಗ ನಾನು ಬಿಡದೆ ಗುರುವಾರ ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗ್ತಿದ್ದೆ, ಶಿವಾಜಿನಗರದ ಆರೋಗ್ಯಮಾತೆ ಹಬ್ಬಕ್ಕೆ ಒಂಬತ್ತು ದಿನಾನೂ ಕಾವಿ ಸೀರೆ ಉಟ್ಟು ನೊವೆನಾ ಪ್ರಾರ್ಥನೆ ಮಾಡಿದೆ, ಅಮ್ಮ ಬೇಡ ಅಂದ್ರೂ ಉಪವಾಸ ಮಾಡಿದೆ. ಅಪ್ಪ ಉಳೀಲಿಲ್ಲ.

ಈಗ ಏನಾಗಿದೆ ಅಂದ್ರೆ ಭಾನುವಾರ ಚರ್ಚ್‌ನ ಪೂಜೇಲಿ ಕಲ್ಲಿನ ಹಾಗೆ ಕೂತಿರ್ತೀನಿ, ಎಲ್ಲರ ಜೊತೆ ಎದ್ದು ನಿಲ್ತೀನಿ, ಮಂಡಿ ಊರ್ತೀನಿ, ಪರಮಪ್ರಸಾದದ ರೊಟ್ಟಿ ತಗೊಂಡು ಬರ್ತೀನಿ, ಒಳಗೆ ಏನೂ ಇಲ್ಲ. ಸಂಜೆ ಅಮ್ಮ ಮೇಣದಬತ್ತಿ ಹಚ್ಚಿ ಜಪಸರಕ್ಕೆ ಕರೀತಾರೆ, ಮೊದಲು ಅಪ್ಪಾನೇ ಶುರು ಮಾಡ್ತಿದ್ರು. ಅವರ ಜಪಸರದ ಮೂರನೇ ದಶಕದಲ್ಲಿ, ಅಂದ್ರೆ ಹತ್ತು ಮಣಿಗಳ ಮೂರನೇ ಸಾಲಲ್ಲಿ, ಒಂದು ಮಣಿ ಉದುರಿಹೋಗಿತ್ತು, ಆ ಜಾಗಕ್ಕೆ ದಾರದಲ್ಲಿ ಗಂಟು ಹಾಕ್ಕೊಂಡಿದ್ರು, ಗಂಟಿಗೆ ಬಂದಾಗ್ಲೂ ಒಂದು ನಮೋ ಮರಿಯಾ ಬಿಡದೆ ಹೇಳ್ತಿದ್ರು. ಅದೇ ಸರ ಈಗ ಅಮ್ಮ ನನ್ನ ಕೈಗೆ ಕೊಡ್ತಾರೆ, ತಲೆನೋವು ಅಂತ ಹೇಳಿ ಎದ್ದುಹೋಗ್ತೀನಿ.

ಅಪ್ಪನ ತಿಂಗಳ ಪೂಜೆ ದಿನ ಸಂಬಂಧಿಕರೊಬ್ರು "ನಿಮ್ಮ ಪ್ರಾರ್ಥನೇಲಿ ವಿಶ್ವಾಸ ಸಾಲಲಿಲ್ಲ ಕಣಮ್ಮ" ಅಂದ್ರು, ಅದು ಇನ್ನೂ ಎದೇಲಿ ಕೂತಿದೆ. ಮನಸ್ಸಿಲ್ಲದೆ ಪೂಜೆಗೆ ಹೋಗೋದು ದೇವರಿಗೆ ಮಾಡೋ ಮೋಸ ಅಲ್ವಾ? ಮನಸ್ಸು ಬರೋ ತನಕ ಹೋಗೋದು ನಿಲ್ಲಿಸಿದ್ರೆ ತಪ್ಪಾ?

ಬೆಳಗಿನ_ಗಂಟೆ:

ದಿನಾ ಮೂರು ಗಂಟೆಗೆ ದೇವಕರುಣೆಯ ಜಪಸರ ಹೇಳಿ ಸಿಸ್ಟರ್, ಎಲ್ಲಾ ಸರಿಹೋಗುತ್ತೆ. ನಿಮ್ಮ ತಂದೆಗೋಸ್ಕರ ಪ್ರಾರ್ಥಿಸ್ತೀನಿ.

ಸಂತೆಬೀದಿ:

ಮೇಲಿನವರ ಮನಸ್ಸು ಒಳ್ಳೇದೇ, ಆದ್ರೆ ಒಂದು ಸರ ಹಿಡಿಯೋಕಾಗದೆ ಒದ್ದಾಡ್ತಿರೋರಿಗೆ ಇನ್ನೊಂದು ಸರ ಕೊಟ್ರೆ ಹೇಗೆ.

ಮೊದಲು ಆ ಸಂಬಂಧಿಕರ ಮಾತು. ವಿಶ್ವಾಸ ಸಾಲದೆ ನಿಮ್ಮ ಅಪ್ಪ ಹೋದ್ರು ಅಂತ ನಮ್ಮ ಧರ್ಮಸಭೆ ಎಲ್ಲೂ ಕಲಿಸಲ್ಲ. ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ ತೆಗೆದು ನೋಡಿ, ಲಾಜರ ಸತ್ತು ನಾಲ್ಕು ದಿನ ಆಗಿದೆ, ಮಾರ್ತಾ ಊರಾಚೆಗೇ ಎದುರು ಬಂದು ನೀವು ಇಲ್ಲಿ ಇದ್ದಿದ್ರೆ ನನ್ನ ತಮ್ಮ ಸಾಯ್ತಿರಲಿಲ್ಲ ಅಂತ ಯೇಸುಸ್ವಾಮಿಗೇ ಹೇಳ್ತಾಳೆ. ಅವರು ಅವಳನ್ನ ಗದರಲಿಲ್ಲ, ನಿನ್ನ ವಿಶ್ವಾಸ ಕಡಿಮೆ ಆಯ್ತು ಅನ್ನಲಿಲ್ಲ, ಸ್ವಲ್ಪ ಹೊತ್ತಿಗೆ ತಾವೇ ಅತ್ರು. ನೀವು ಮನಸಲ್ಲಿ ಇಟ್ಕೊಂಡಿರೋ ಮಾತೂ ಮಾರ್ತಾಳದ್ದೇ, ಅದನ್ನ ದೇವರ ಮುಂದೇನೇ ಹೇಳಿಬಿಡಿ.

ಇನ್ನು ನಿಲ್ಲಿಸ್ಲಾ ಅಂದ್ರಲ್ಲ, ನಿಲ್ಲಿಸಬೇಡಿ. ಇದು ನನ್ನ ಮಾತಲ್ಲ. ಸಂತ ಇಗ್ನೇಷಿಯಸ್ ಲೊಯೋಲಾ ಗೊತ್ತಲ್ಲ, 1521ರಲ್ಲಿ ಪಾಂಪ್ಲೋನಾದ ಕೋಟೇಲಿ ಫಿರಂಗಿ ಗುಂಡು ತಗುಲಿ ಕಾಲು ಮುರ್ಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಸೈನಿಕ. ಮನಸ್ಸು ಬೆಳಗಿದ್ದಾಗ ಏನಾಗುತ್ತೆ, ಕತ್ತಲಾದಾಗ ಏನಾಗುತ್ತೆ ಅಂತ ಗಮನಿಸೋಕೆ ಅವರು ಕಲಿತಿದ್ದೇ ಅಲ್ಲಿ. ಧ್ಯಾನಕೂಟಕ್ಕೆ ಹೋದವರಿಗೆಲ್ಲ ಅವರ ಒಂದು ನಿಯಮ ಹೇಳಿಕೊಡ್ತಾರೆ: ಮನಸ್ಸು ಒಣಗಿ ಕತ್ತಲಾಗಿರೋ ಕಾಲದಲ್ಲಿ ಯಾವ ನಿರ್ಧಾರಾನೂ ಬದಲಾಯಿಸಬೇಡ, ಕತ್ತಲಾಗೋಕೆ ಮುಂಚೆ ಏನು ಅಂದ್ಕೊಂಡಿದ್ದೆಯೋ ಅದರಲ್ಲೇ ನಿಲ್ಲು. ಮೋಸ ಅಂತೀರಿ, ಅಲ್ಲ ಅದು. ಊಟ ಸೇರದಿದ್ದಾಗ್ಲೂ ತಿಂತೀವಲ್ಲ, ಅದು ಅನ್ನಕ್ಕೆ ಮಾಡೋ ಮೋಸ ಅಂತೀವಾ?

ಮದರ್ ತೆರೇಸಾ ವಿಷ್ಯ ನೋಡಿ. 2007ರಲ್ಲಿ ಅವರ ಪತ್ರಗಳು ಪುಸ್ತಕವಾಗಿ ಬಂದಾಗ ಎಷ್ಟೋ ಜನ ಗಾಬರಿ ಆದ್ರು, ಯಾಕಂದ್ರೆ ಕೋಲ್ಕತ್ತದಲ್ಲಿ ಸೇವೆ ಶುರು ಮಾಡಿದ ಕಾಲದಿಂದ ಹೆಚ್ಚುಕಡಿಮೆ ಐವತ್ತು ವರ್ಷ ಅವರಿಗೆ ಒಳಗೆ ಬರೀ ಕತ್ತಲು, ದೇವರು ಇದ್ದಾರೆ ಅನ್ನೋ ಅನುಭವಾನೇ ಇಲ್ಲ. ಆದ್ರೂ ಬೆಳಗಿನ ಪೂಜೆ ಬಿಡಲಿಲ್ಲ. ಆ ಪತ್ರಗಳು ಹೊರಬಂದ ಮೇಲೇನೇ, 2016ರಲ್ಲಿ, ಅವರನ್ನ ಸಂತರು ಅಂತ ಘೋಷಿಸಿದ್ದು. ನಿಮ್ಮ ಹತ್ತು ತಿಂಗಳು ಚಿಕ್ಕದು ಅಂತ ಹೇಳ್ತಿಲ್ಲ, ಅವರೂ ಈ ಕಲ್ಲಿನ ಹಾಗೆ ಕೂತಿರೋದನ್ನ ಕಂಡವರು ಅಂತ ಅಷ್ಟೇ.

ಮೈಸೂರು_ಅಜ್ಜಿ:

ಮಗಳೇ, ನನ್ನ ಯಜಮಾನರು ಹೋದಾಗ ನಂಗೆ ಐವತ್ತೊಂದು. ಎರಡು ವರ್ಷ ಪರಲೋಕ ಮಂತ್ರ ಪೂರ್ತಿ ಹೇಳೋಕಾಗಲಿಲ್ಲ, "ನಿಮ್ಮ ಚಿತ್ತ ನೆರವೇರಲಿ" ಅನ್ನೋ ಕಡೆ ಬಾಯಿ ಕಟ್ಟಿಹೋಗೋದು. ಆಗ ನಮ್ಮ ಫಾದರ್ ಪಾಪನಿವೇದನೇಲಿ ನಂಗೆ ಹೇಳಿದ್ದು, ಎಲ್ಲಿ ಬಾಯಿ ಕಟ್ಟುತ್ತೋ ಅಲ್ಲಿಗೆ ನಿಲ್ಲಿಸಿ ಶಿಲುಬೆ ಗುರುತು ಹಾಕ್ಕೊಂಡು ಮಲಗಮ್ಮ, ಉಳಿದಿದ್ದನ್ನ ಚರ್ಚ್‌ನಲ್ಲಿ ಬೇರೆಯವರು ನಿನಗೋಸ್ಕರ ಹೇಳ್ತಾರೆ ಅಂತ. ನಂಗೆ ಅದೇ ಸಾಕಾಯ್ತು. ಎಷ್ಟೋ ರಾತ್ರಿ ಅರ್ಧ ಮಂತ್ರಕ್ಕೇ ಮಲಗಿದೀನಿ.

ಕೀರ್ತನೆ 88 ಓದು. ಬೇರೆ ದುಃಖದ ಕೀರ್ತನೆಗಳು ಹೆಚ್ಚಿನವು ಕೊನೇಲಿ ಸ್ವಲ್ಪ ಬೆಳಕಿಗೆ ಬರ್ತವೆ, ಇದು ಕತ್ತಲಲ್ಲೇ ಮುಗಿಯುತ್ತೆ. ಅಂಥದ್ದನ್ನೂ ಬೈಬಲ್‌ನಲ್ಲಿ ಇಟ್ಟಿದ್ದಾರಲ್ಲ ಅಂತ ಓದಿದ ದಿನ ಸಮಾಧಾನವಾಗಿ ಅತ್ತೆ.

ಇನ್ನೊಂದು ಮಾತು, ನಿದ್ದೆ ಊಟ ಸರಿಯಾಗಿ ಆಗ್ತಿದೆಯಾ? ಇಲ್ಲಾಂದ್ರೆ ಡಾಕ್ಟರಿಗೂ ತೋರಿಸು. ಅದು ವಿಶ್ವಾಸ ಕಡಿಮೆ ಅಂತ ಅಲ್ಲ, ನಾನೂ ಆರು ತಿಂಗಳು ಮಾತ್ರೆ ತಗೊಂಡೆ. ಅಮ್ಮನ ಹತ್ರ ತಲೆನೋವು ಅನ್ನಬೇಡ, ಆಗ್ತಿಲ್ಲ ಅಂತಾನೇ ಹೇಳು, ಅವರಿಗೂ ಆಗ್ತಿಲ್ಲದೇ ಇರಬಹುದು.

ದಮ್ಮಾಮ್_ರಾತ್ರಿಪಾಳಿ:

ನಾನು ಸೌದಿಯಲ್ಲಿ ಏಳು ವರ್ಷದಿಂದ ಇದೀನಿ. ಇಲ್ಲಿ ಚರ್ಚ್ ಇಲ್ಲ. ಕ್ರಿಸ್‌ಮಸ್ ರಾತ್ರಿ ರೂಮಲ್ಲಿ ಮೊಬೈಲ್ ಸೌಂಡ್ ಕಮ್ಮಿ ಇಟ್ಕೊಂಡು ಊರಿನ ಪೂಜೆ ನೋಡಿ, ಪರಮಪ್ರಸಾದ ಕೊಡೋ ಹೊತ್ತಲ್ಲಿ ಕಣ್ಣು ಮುಚ್ಕೊಂಡು ಮನಸಲ್ಲೇ ಸ್ವೀಕರಿಸ್ತೀನಿ. ಊರಿಗೆ ಬಂದಾಗ ಮನಸ್ಸು ಬರ್ಲಿ ಬರ್ದೇ ಇರ್ಲಿ ಓಡಿಹೋಗ್ತೀನಿ ಅಕ್ಕ, ಸಿಗದೇ ಇರೋದು ಏನು ಅಂತ ಗೊತ್ತಾಗಿರೋದ್ರಿಂದ.

ಇಲ್ಲಿ ನನ್ನನ್ನ ಹಿಡಿದಿಟ್ಟಿದ್ದು ವಿಯೆಟ್ನಾಂನ ಬಿಷಪ್ ವಾನ್ ಥುವಾನ್ ಅವರ ಕಥೆ. 1975ರ ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ ಅವರನ್ನ ಅರೆಸ್ಟ್ ಮಾಡಿದ್ರು. 13 ವರ್ಷ ಜೈಲು, ಅದರಲ್ಲಿ 9 ವರ್ಷ ಒಬ್ಬರೇ ಒಂದು ಕೋಣೇಲಿ. ಬಟ್ಟೆ, ಟೂತ್‌ಪೇಸ್ಟ್ ಬೇಕು ಅಂತ ಪತ್ರ ಬರೀಬಹುದು ಅಂದಾಗ ನನ್ನ ಹೊಟ್ಟೆನೋವಿಗೆ ಔಷಧಿಯಾಗಿ ಸ್ವಲ್ಪ ದ್ರಾಕ್ಷಾರಸ ಕಳಿಸಿ ಅಂತ ಬರೆದ್ರು. ಅದು ಪೂಜೆ ಅರ್ಪಿಸೋಕೆ ಅಂತ ಜನಕ್ಕೆ ಅರ್ಥ ಆಯ್ತು, ಪೂಜೆಯ ದ್ರಾಕ್ಷಾರಸ ಒಂದು ಚಿಕ್ಕ ಬಾಟಲಿಗೆ ತುಂಬಿ ಮೇಲೆ ಹೊಟ್ಟೆನೋವಿನ ಔಷಧಿ ಅಂತ ಚೀಟಿ ಅಂಟಿಸಿ ಕಳಿಸಿದ್ರು, ಪೂಜೆಯ ರೊಟ್ಟಿ ಟಾರ್ಚ್ ಒಳಗೆ ಬಚ್ಚಿಟ್ರು. ಅವರು ದಿನಾ ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ ಒಂದು ಹನಿ ನೀರು ಹಾಕ್ಕೊಂಡು ಪೂಜೆ ಅರ್ಪಿಸ್ತಿದ್ರು. ನೈಟ್ ಶಿಫ್ಟ್ ಮುಗಿಸಿ ಬಂದು ಏನೂ ಬೇಡ ಅನ್ಸಿದಾಗ ನಾನು ಒಂದ್ಸಲ ಅಂಗೈ ನೋಡ್ಕೋತೀನಿ.

ಹೇಮಾವತಿ_ತೀರ:

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ, ನಿಮ್ಮ ಮೆಸೇಜ್ ಮೂರ್ನಾಲ್ಕು ಸಲ ಓದಿದೆ, ನಿದ್ದೆ ಸರಿಯಿಲ್ಲ, ಈ ವಾರ ತೋರಿಸ್ತೀನಿ. ಅಮ್ಮನಿಗೆ ನಿನ್ನೆ ನಿಜ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, ನಂಗೂ ಬರೀ ಬಾಯಿ ಆಡುತ್ತೆ ಅಷ್ಟೇ, ನೀನು ಪಕ್ಕದಲ್ಲಿ ಕೂತ್ಕೊ ಸಾಕು ಅಂದ್ರು. ಕೂತೆ. ಅಪ್ಪನ ಸರ ಹಿಡ್ಕೊಂಡು ಮೂರನೇ ದಶಕದ ಆ ಗಂಟಿನ ತನಕ ಹೇಳಿದೆ, ಅಲ್ಲಿಗೆ ಬಾಯಿ ಕಟ್ತು. ಶಿಲುಬೆ ಗುರುತು ಹಾಕ್ಕೊಂಡೆ. ಮುಂದಿನದನ್ನ ಅಮ್ಮ ಹೇಳಿ ಮುಗಿಸಿದ್ರು.