ರಾತ್ರಿ ಸಮ ನಿಂತ ಕಾರು ಬೆಳಿಗ್ಗೆ ಎಡಕ್ಕೆ ಕುಸಿದಿರುತ್ತದೆ: ಏರ್ ಸಸ್ಪೆನ್ಷನ್ ತೊಂದರೆ, ಕಲಬುರಗಿ

ಎರೆಹೊಲ_ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ದೊಡ್ಡ ಎಸ್‌ಯುವಿ ಇದೆ. ನಾಲ್ಕೂ ಕಡೆ ಏರ್ ಸ್ಪ್ರಿಂಗ್, ಜೊತೆಗೆ ಎಲೆಕ್ಟ್ರಾನಿಕ್ ಶಾಕ್ ಅಬ್ಸಾರ್ಬರ್. ಬೇಸಿಗೆ ಶುರುವಾದಾಗಿನಿಂದ ಬೆಳಿಗ್ಗೆ ನೋಡಿದರೆ ಮುಂದಿನ ಎಡಗಡೆ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ಕಂಪ್ರೆಸರ್ ತುಂಬಾ ಹೊತ್ತು ಓಡಿ ಮೇಲೆ ಎತ್ತುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕೆಲವು ಸಲ ಎತ್ತುವುದೇ ಇಲ್ಲ, ಹಳದಿ ಲೈಟ್ ಬರುತ್ತದೆ. ಸಂಜೆ ಹೊತ್ತಿಗೆ ಮತ್ತೆ ಸರಿ.

ಹೈದರಾಬಾದಿನ ಒಂದು ವರ್ಕ್‌ಶಾಪ್‌ನಲ್ಲಿ ಸ್ಕ್ಯಾನರ್ ಹಾಕಿ, "ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು" ಅಂದರು. ಖರ್ಚು ಲಕ್ಷ ದಾಟುತ್ತದೆ. ಇನ್ನೊಂದು ಮಾತು. ಜೇವರ್ಗಿ ದಾಟಿ ಶಹಾಪುರ ಕಡೆ 80ರಲ್ಲಿ ಹೋದರೆ ಗಾಡಿ ತೇಲಾಡುತ್ತದೆ. ಎರಡಕ್ಕೂ ಕಾರಣ ಒಂದೇನಾ?

ಬೀದರ್_ಮಿಸ್ತ್ರಿ:

ಸರ್, ಕಂಪ್ರೆಸರ್‌ಗೆ ದುಡ್ಡು ಕೊಡಬೇಡಿ, ಸ್ವಲ್ಪ ತಡೆಯಿರಿ. ನೀವು ಹೇಳಿದ ಲಕ್ಷಣ ಪೂರ್ತಿ ಗಾಳಿ ಸೋರಿಕೆಯದು. ಒಂದೇ ಮೂಲೆ ಕುಸಿದರೆ ಆ ಮೂಲೆಯ ಬೆಲ್ಲೋ (ಏರ್ ಸ್ಪ್ರಿಂಗ್‌ನ ಗಾಳಿ ತುಂಬುವ ರಬ್ಬರ್ ಚೀಲ), ಅದರ ತಲೆಯ ಮೇಲಿನ ಫಿಟ್ಟಿಂಗ್, ಇಲ್ಲವೇ ಮೂಲೆಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್. ಈ ಮೂರರಲ್ಲೇ ಇರುತ್ತದೆ.

ಮಧ್ಯಾಹ್ನ ಯಾಕೆ ಎತ್ತುವುದಿಲ್ಲ ಅಂದರೆ, ಸೋರಿದ ಗಾಳಿ ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡಿ ಬಿಸಿಯಾಗುತ್ತದೆ. ಎಷ್ಟು ಕಾದಿದೆ ಅಂತ ಕಂಟ್ರೋಲರ್ ಲೆಕ್ಕ ಇಟ್ಟಿರುತ್ತದೆ, ಮಿತಿ ದಾಟಿದರೆ ಬಂದ್ ಮಾಡುತ್ತದೆ. ನಮ್ಮ ಮೇ ತಿಂಗಳಲ್ಲಿ ನೆರಳಲ್ಲೇ 42-43 ಡಿಗ್ರಿ. ಕಂಪ್ರೆಸರ್ ಶುರುವಿನಲ್ಲೇ ಬಿಸಿ ಇರುತ್ತದೆ, ಹಾಗಾಗಿ ಬೇಗ ಕಟ್ ಆಗುತ್ತದೆ. ಸಂಜೆ ತಣ್ಣಗಾದ ಮೇಲೆ ಮತ್ತೆ ಓಡುತ್ತದೆ. ಇದು ಸತ್ತ ಕಂಪ್ರೆಸರ್ ಅಲ್ಲ, ದಣಿದ ಕಂಪ್ರೆಸರ್. ಸೋರಿಕೆ ಬಿಟ್ಟು ಹೊಸದು ಹಾಕಿಸಿದರೆ ಅದೂ ಇದೇ ದಾರಿ ಹಿಡಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ಸಂಜೆ ಗಾಡಿಯನ್ನು ಎತ್ತರದ ಮಟ್ಟಕ್ಕೆ ಏರಿಸಿ. ನಾಲ್ಕೂ ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಬರೆದಿಡಿ. ಆಮೇಲೆ ಸಸ್ಪೆನ್ಷನ್ ಕಂಟ್ರೋಲರ್‌ನ ಫ್ಯೂಸ್ ತೆಗೆಯಿರಿ. ಇದು ಮುಖ್ಯ. ಕೆಲವು ಗಾಡಿಗಳಲ್ಲಿ ಕಂಟ್ರೋಲರ್ ರಾತ್ರಿ ತಾನೇ ಎದ್ದು ಮಟ್ಟ ನೋಡುತ್ತದೆ, ಕುಸಿದ ಮೂಲೆಗೆ ಸಮವಾಗಲಿ ಅಂತ ಉಳಿದವನ್ನೂ ಇಳಿಸುತ್ತದೆ. ಆಗ ಕಳ್ಳ ಯಾವ ಮೂಲೆಯಲ್ಲಿದ್ದಾನೆ ಅಂತ ಗೊತ್ತಾಗುವುದಿಲ್ಲ. ಬೆಳಿಗ್ಗೆ ಮತ್ತೆ ಅಳೆಯಿರಿ.

ನಂತರ ಸೋಪಿನ ನೀರು. ಮುಂದಿನ ಚಕ್ರ ಪೂರ್ತಿ ತಿರುಗಿಸಿದರೆ ಬೆಲ್ಲೋ ಕಾಣುತ್ತದೆ. ಕೆಳಗಡೆ ರಬ್ಬರ್ ಮಡಚಿಕೊಳ್ಳುವ ಜಾಗಕ್ಕೆ ಜಾಸ್ತಿ ಗಮನ ಕೊಡಿ, ಬಿರುಕು ಅಲ್ಲೇ ಬರುವುದು. ಪೈಪ್ ಕೂರುವ ಫಿಟ್ಟಿಂಗ್‌ಗೂ ಹಚ್ಚಿ. ಸಣ್ಣ ಸೋರಿಕೆ ಕಿವಿಗೆ ಕೇಳುವುದಿಲ್ಲ, ನೊರೆ ಏಳಲು ಕಾಯಬೇಕು.

ಒಂದು ಎಚ್ಚರಿಕೆ. ಗಾಳಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ಜ್ಯಾಕ್ ಮೋಡ್ (ಮಟ್ಟ ತಾನೇ ಬದಲಾಗದಂತೆ ತಡೆಯುವ ಸೆಟ್ಟಿಂಗ್) ಹಾಕಿ, ಸ್ಟ್ಯಾಂಡ್ ಇಟ್ಟ ಮೇಲೆಯೇ ಕೆಳಗೆ ಹೋಗಬೇಕು. ಒಂದು ಪೈಪ್ ಬಿಟ್ಟರೆ ಸಾಕು, ಗಾಡಿ ಕ್ಷಣದಲ್ಲಿ ಕೂರುತ್ತದೆ.

ಎರೆಹೊಲ_ಕಲಬುರಗಿ:

ಅಣ್ಣಾ, ನೀವು ಹೇಳಿದ ಹಾಗೇ ಮಾಡಿದೆ. ಮೂರು ಮೂಲೆ ಹಾಗೇ ಇವೆ. ಮುಂದಿನ ಎಡಗಡೆ ಒಂದೇ ರಾತ್ರಿಯಲ್ಲಿ 6 ಸೆಂ.ಮೀ. ಇಳಿದಿದೆ. ಸೋಪಿನ ನೀರು ಹಾಕಿದರೆ ಕೆಳಗಿನ ಮಡಿಕೆಯಲ್ಲಿ ಸಣ್ಣ ನೊರೆ ಸಾಲಾಗಿ ಏಳುತ್ತದೆ. ಫಿಟ್ಟಿಂಗ್ ಒಣಗಿದೆ. ಹಿಂದಿನ ಬಲಗಡೆ, ಗಾಡಿಯ ಎತ್ತರ ಅಳೆಯುವ ಹೈಟ್ ಸೆನ್ಸರ್‌ನ ಕಡ್ಡಿಗೆ ಎರೆಮಣ್ಣು ಮೆತ್ತಿ ಕಲ್ಲಾಗಿತ್ತು, ನೀರು ಬಿಟ್ಟು ತೊಳೆದೆ. ಇನ್ನು ಮುಂದೇನು?

ಯಾದಗಿರಿ_ಡೀಸೆಲ್:

ಸುಮ್ನೆ ಏರ್ ಎಲ್ಲ ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸಿ ಸರ್. ನಮ್ಮ ಕಡೆ ಒಬ್ಬರು ಹಾಕಿಸಿದ್ದಾರೆ, ಆರಾಮಾಗಿದ್ದಾರೆ. ಈ ಬಿಸಿಲು, ಈ ರಸ್ತೆ, ವಾಡಿ-ಸೇಡಂ ಕಡೆಯ ಸಿಮೆಂಟ್ ಧೂಳು. ಇಲ್ಲಿಗೆ ಇಂಥದ್ದು ಬೇಡವೇ ಬೇಡ.

ಬೀದರ್_ಮಿಸ್ತ್ರಿ:

ಗಾಡಿಗೆ ಬೆಲೆಯೇ ಉಳಿದಿಲ್ಲ ಅಂದಾಗ ಅದೂ ಒಂದು ದಾರಿ, ತಪ್ಪು ಅನ್ನುವುದಿಲ್ಲ. ಆದರೆ ಇಲ್ಲಿ ಮೂರು ಮೂಲೆ ಗಟ್ಟಿ ಇವೆ. ಕಾಯಿಲ್ ಹಾಕಿದರೆ ಹೈಟ್ ಕಂಟ್ರೋಲ್ ಹೋಗುತ್ತದೆ, ವಾರ್ನಿಂಗ್ ಲೈಟ್ ಮುಚ್ಚಲು ಬೇರೆ ಮಾಡ್ಯೂಲ್ ಕಟ್ಟಬೇಕು. ಐದಾರು ಜನ, ಲಗೇಜು ತುಂಬಿದರೂ ಹಿಂದೆ ಕುಸಿಯದ ಗುಣವೂ ಹೋಗುತ್ತದೆ. ಬೆಂಗಳೂರಿಗೆ ಓಡುವ ಸ್ಲೀಪರ್ ಬಸ್ಸುಗಳು ಇದೇ ಬಿಸಿಲಲ್ಲಿ, ಇದೇ ರಸ್ತೆಯಲ್ಲಿ ಏರ್ ಬೆಲ್ಲೋ ಮೇಲೇ ಓಡುತ್ತವೆ ಅಲ್ವಾ? ರಬ್ಬರ್ ಸವೆಯುವ ಸಾಮಾನು, ಟೈರ್ ಬದಲಿಸಿದ ಹಾಗೆ ಬದಲಿಸಬೇಕು.

ಸರ್, ನಿಮಗೆ ನನ್ನ ಸಲಹೆ: ಮುಂದಿನ ಎರಡೂ ಬೆಲ್ಲೋ ಒಟ್ಟಿಗೆ ಹಾಕಿಸಿ. ಬಲಗಡೆಯದಕ್ಕೂ ಅಷ್ಟೇ ವಯಸ್ಸು. ಜೊತೆಗೆ ಕಂಪ್ರೆಸರ್ ರಿಲೇ (ಅದಕ್ಕೆ ಕರೆಂಟ್ ಕೊಡುವ ಸ್ವಿಚ್) ಹೊಸದು ಹಾಕಿಸಿ, ಅದು ಕಡಿಮೆ ಬೆಲೆಯ ಸಾಮಾನು. ಜಾಸ್ತಿ ಓಡಿದ ರಿಲೇಯ ಕಾಂಟ್ಯಾಕ್ಟ್ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲದೆ ಓಡಿ ಸುಡುತ್ತದೆ. ಗಾಳಿಯ ತೇವ ಹೀರುವ ಡ್ರೈಯರ್‌ನ ಒಳಗಿನ ಹರಳು ನೋಡಿಸಿ. ಅದು ತೇವ ಹಿಡಿದರೆ ವಾಲ್ವ್ ಬ್ಲಾಕ್ ಒಳಗೆ ನೀರು ಹೋಗುತ್ತದೆ, ಸ್ವಲ್ಪ ದಿನಕ್ಕೆ ಅಲ್ಲೂ ತೊಂದರೆ.

ಗ್ಯಾರೇಜ್‌ನಲ್ಲಿ ನೀವೇ ನಿಂತು ನೋಡಬೇಕಾದ್ದು ಒಂದಿದೆ. ಹೊಸ ಬೆಲ್ಲೋಗೆ ಗಾಳಿ ತುಂಬುವ ಮೊದಲು ಗಾಡಿಯ ಭಾರ ಅದರ ಮೇಲೆ ಬೀಳಬಾರದು. ಖಾಲಿ ರಬ್ಬರ್ ತಪ್ಪಾಗಿ ಮಡಚಿದರೆ ಹೊಸದೇ ಹಾಳು. ಕೊನೆಗೆ ಸ್ಕ್ಯಾನರ್‌ನಲ್ಲಿ ಹೈಟ್ ಕ್ಯಾಲಿಬ್ರೇಷನ್ ಮಾಡಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್. ಈ ಕ್ರಮ ಉಲ್ಟಾ ಆಗಬಾರದು.

ಮೆಕ್ಯಾನಿಕಲ್_ಪಾಠ:

ತೇಲಾಡುವ ವಿಷಯಕ್ಕೆ ನಾನು ಉತ್ತರ ಕೊಡುತ್ತೇನೆ. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರು ಗುಂಡಿ ಬೀಳದೆಯೇ ಅಲೆ ಅಲೆಯಾಗುತ್ತದೆ. ಒಂದು ಅಲೆಯಿಂದ ಇನ್ನೊಂದಕ್ಕೆ 20 ಮೀಟರ್ ಇದೆ ಅಂದುಕೊಳ್ಳಿ. 80ರ ವೇಗದಲ್ಲಿ ಸೆಕೆಂಡಿಗೆ 22 ಮೀಟರ್ ಹೋಗುತ್ತೀರಿ. ಅಂದರೆ ಸೆಕೆಂಡಿಗೆ ಒಂದು ಅಲೆಗಿಂತ ಸ್ವಲ್ಪ ಜಾಸ್ತಿ. ಕಾರಿನ ಬಾಡಿ ಸ್ಪ್ರಿಂಗ್ ಮೇಲೆ ತಾನಾಗಿ ಕುಣಿಯುವುದೂ ಸೆಕೆಂಡಿಗೆ ಒಂದು, ಒಂದೂವರೆ ಸಲ. ಎರಡೂ ಕೂಡಿದರೆ ತೇಲಾಟ. ಅದನ್ನು ಹಿಡಿಯಬೇಕಾದ್ದು ಶಾಕ್ ಅಬ್ಸಾರ್ಬರ್. ಕಂಟ್ರೋಲರ್ ಎರರ್ ಹಿಡಿದಾಗ ಡ್ಯಾಂಪಿಂಗ್ (ಶಾಕ್ ಅಬ್ಸಾರ್ಬರ್‌ನ ಬಿಗಿ) ಹೊಂದಿಸುವುದನ್ನು ಬಿಟ್ಟು ಒಂದೇ ಮಟ್ಟಕ್ಕೆ ನಿಂತುಬಿಡಬಹುದು. ಸೋರಿಕೆ ಸರಿಯಾಗಿ ಎರರ್ ಹೋದ ಮೇಲೆ ಅದೇ ರಸ್ತೆಯಲ್ಲಿ ಒಮ್ಮೆ ನೋಡಿ. ಆಗಲೂ ತೇಲಿದರೆ ಶಾಕ್ ಅಬ್ಸಾರ್ಬರ್ ಚೆಕ್ ಮಾಡಿಸಿ.

ಎರೆಹೊಲ_ಕಲಬುರಗಿ:

ಬೆಲ್ಲೋ ಎರಡೂ ಹಾಕಿಸಿದೆ, ರಿಲೇ ಕೂಡ. ಹಳೆಯ ಕಂಪ್ರೆಸರೇ ಓಡುತ್ತಿದೆ, ಬಿಸಿಲಲ್ಲೂ ಲೈಟ್ ಬಂದಿಲ್ಲ. ಶಹಾಪುರ ರಸ್ತೆಯಲ್ಲಿ ತೇಲಾಟ ತುಂಬಾ ಕಡಿಮೆ. ಇಬ್ಬರಿಗೂ ಮನಸಾರೆ ಧನ್ಯವಾದ. ಇನ್ನೊಂದು ಕೇಳಲಾ? ನನ್ನ ತಮ್ಮ ಹೊಸ ಎಲೆಕ್ಟ್ರಿಕ್ ಕಾರು ನೋಡುತ್ತಿದ್ದಾನೆ. ಅದರಲ್ಲಿ ಸೆಮಿ-ಆಕ್ಟಿವ್ ಸಸ್ಪೆನ್ಷನ್ ಅಂತ ಬರೆದಿದೆ. ಅದಕ್ಕೂ ಇದೇ ಗೋಳಾ?

ಮೆಕ್ಯಾನಿಕಲ್_ಪಾಠ:

ಇಲ್ಲ. 2024ರ ನವೆಂಬರ್‌ನಲ್ಲಿ ಬಂದ ಮಹೀಂದ್ರಾ ಬಿಇ 6, ಎಕ್ಸ್‌ಇವಿ 9ಇ ಕಾರುಗಳ ಮೇಲಿನ ವೇರಿಯಂಟ್‌ಗಳಲ್ಲಿರುವುದು ಅದೇ ಬಗೆ. ಸ್ಪ್ರಿಂಗ್ ಮಾಮೂಲಿ ಕಾಯಿಲ್. ಶಾಕ್ ಅಬ್ಸಾರ್ಬರ್ ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಮಾತ್ರ ಕಂಪ್ಯೂಟರ್ ತೀರ್ಮಾನಿಸುತ್ತದೆ. ಗಾಳಿಯೇ ಇಲ್ಲ, ಸೋರುವ ಪ್ರಶ್ನೆಯೂ ಇಲ್ಲ.

ಪೂರ್ತಿ ಆಕ್ಟಿವ್ ಅಂದರೆ ಚಕ್ರವನ್ನು ತಾನೇ ಒತ್ತುವ, ಎತ್ತುವ ವ್ಯವಸ್ಥೆ. ರೇಸಿನಲ್ಲಿ ಅದರ ಬಲ ಎಷ್ಟಿತ್ತೆಂದರೆ, ಅದು ಇದ್ದ ವಿಲಿಯಮ್ಸ್ ತಂಡದ ಎಫ್‌ಡಬ್ಲ್ಯು14ಬಿ ಕಾರು 1992ರಲ್ಲಿ ಫಾರ್ಮುಲಾ ಒನ್ ಗೆದ್ದಿತು, 1994ರಿಂದ ಆಕ್ಟಿವ್ ಸಸ್ಪೆನ್ಷನ್ ಅನ್ನೇ ನಿಷೇಧಿಸಿದರು. ರಸ್ತೆಯ ಕಾರಿಗೆ ಮರ್ಸಿಡಿಸ್ 1999ರಲ್ಲಿ ಸಿಎಲ್ ಮಾದರಿಯಲ್ಲಿ ಎಣ್ಣೆಯ ಒತ್ತಡದಿಂದ ಮಾಡಿತು. ಈಗ ಎಣ್ಣೆಯ ಪಂಪುಗಳನ್ನು 48 ವೋಲ್ಟ್ ವಿದ್ಯುತ್ತಿನಿಂದ ಓಡಿಸುತ್ತದೆ, ಮುಂದಿನ ಉಬ್ಬನ್ನು ಕ್ಯಾಮೆರಾ ಮೊದಲೇ ನೋಡುತ್ತದೆ. ನಮ್ಮ ಅಲೆರಸ್ತೆಗೆ ನಿಜಕ್ಕೂ ಬೇಕಾದ್ದು ಇದೇ, ಯಾಕೆಂದರೆ ನಿಧಾನದ ದೊಡ್ಡ ಕುಣಿತವನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಚೂಪು ಅಂಚಿನ ಗುಂಡಿಯ ಹೊಡೆತ ಬೇರೆ. ಚಕ್ರ ಆಗ ಸೆಕೆಂಡಿಗೆ 10-15 ಸಲ ಅದುರುತ್ತದೆ, ಅಲ್ಲಿ ಟೈರು ಮತ್ತು ಬುಷ್ (ಸಸ್ಪೆನ್ಷನ್ ಕೀಲುಗಳ ರಬ್ಬರ್) ಮುಖ್ಯ. ತಮ್ಮನಿಗೆ ಹೇಳಿ, ತಗ್ಗು ಟೈರಿನ ದೊಡ್ಡ ಅಲಾಯ್ ಬೇಡ. ಸಣ್ಣ ರಿಮ್, ದಪ್ಪ ಟೈರು ಇರುವುದನ್ನೇ ಆರಿಸಲಿ.