ಅಪ್‌ಡೇಟ್: ಗಾಜಾ ಚರ್ಚ್‌ನಲ್ಲಿ ಪೂಜೆ ನಡೆಯುತ್ತಿತ್ತಾ?

ಯುದ್ಧದ ನಡುವೆಯೂ ಗಾಜಾ ನಗರದಲ್ಲಿ ಭಾನುವಾರದ ಬಲಿಪೂಜೆ (ಚರ್ಚ್‌ನ ಮುಖ್ಯ ಆರಾಧನೆ, ಮಾಸ್) ಇತ್ತಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಭಾನುವಾರವೇನು, ಅಲ್ಲಿನ ಏಕೈಕ ಕ್ಯಾಥೊಲಿಕ್ ಚರ್ಚ್ ಹೋಲಿ ಫ್ಯಾಮಿಲಿಯಲ್ಲಿ ಉಳಿದ ದಿನಗಳಲ್ಲೂ ಪೂಜೆ, ಜಪಸರ (ಮಣಿ ಎಣಿಸುತ್ತಾ ಮಾಡುವ ಪ್ರಾರ್ಥನೆ) ನಡೆಯುತ್ತಿತ್ತಂತೆ. ನೂರಾರು ಜನ ಆವರಣದಲ್ಲೇ, ಶಾಲೆಯ ಕೋಣೆಗಳಲ್ಲೇ ಸಂಸಾರ ಹೂಡಿದ್ದರು. ಮದರ್ ತೆರೇಸಾ ಸಂಸ್ಥೆಯ ಸಿಸ್ಟರ್‌ಗಳು ಅಂಗವಿಕಲ ಮಕ್ಕಳನ್ನು ಬಿಟ್ಟು ಕದಲಲಿಲ್ಲ. ಪೋಪ್ ಫ್ರಾನ್ಸಿಸ್ ಹೆಚ್ಚುಕಡಿಮೆ ಪ್ರತಿ ಸಂಜೆ ಈ ಚರ್ಚ್‌ಗೆ ಫೋನ್ ಮಾಡಿ ಊಟಕ್ಕೇನು ಅಂತಲೂ ವಿಚಾರಿಸುತ್ತಿದ್ದರು. ಒಮ್ಮೆ ಸಿಕ್ಕ ಉತ್ತರ, ಕೋಳಿ ರೆಕ್ಕೆ. ನನಗೆ ದೊಡ್ಡ ದೊಡ್ಡ ಹೇಳಿಕೆಗಳಿಗಿಂತ ಇದೇ ಹಿಡಿಸಿತು.

"ಚರ್ಚ್‌ಗೆ ಯಾರೂ ಹೊಡೆಯಲ್ಲ" ಅಂದವರಿಗೆ: 2023ರ ಅಕ್ಟೋಬರ್ 19ರಂದು ಸಂತ ಪೊರ್ಫಿರಿಯಸ್ ಆರ್ಥೊಡಾಕ್ಸ್ ಚರ್ಚ್ ಆವರಣದ ಮೇಲೆ ಇಸ್ರೇಲಿ ದಾಳಿಯಾಗಿ ಆಶ್ರಯ ಪಡೆದವರೇ ಸತ್ತರು. 2025ರ ಜುಲೈ 17ರಂದು ಹೋಲಿ ಫ್ಯಾಮಿಲಿಗೂ ಏಟು ಬಿತ್ತು. ಮೂವರು ಸತ್ತರು, ಅಲ್ಲಿನ ಪಾದ್ರಿ ಫಾದರ್ ಗೇಬ್ರಿಯಲ್ ರೊಮನೆಲ್ಲಿ ಕಾಲಿಗೆ ಗಾಯ. ಗುರಿ ತಪ್ಪಿದ ಶೆಲ್ ಅಂತ ಇಸ್ರೇಲ್ ಹೇಳಿತು.